ಗಾಡಿ ಮಲಗಲು ಕಲಿತ ಕಥೆ

ಕೀಲಿ ತೆಗೆದರೆ ಗಾಡಿಯಲ್ಲಿ ಎಲ್ಲವೂ ಆಫ್ ಆಯಿತು ಅಂದುಕೊಳ್ಳುತ್ತೇವೆ. ಈಗಿನ ಕಾರು, ಪಿಕಪ್‌ಗಳಲ್ಲಿ ಹಾಗಿಲ್ಲ. ರಿಮೋಟ್ ಒತ್ತಿದ ಕೂಡಲೇ ಬಾಗಿಲು ತೆರೆಯಬೇಕಾದರೆ ಒಳಗೆ ಯಾರಾದರೂ ಎಚ್ಚರವಿರಲೇಬೇಕು. ಆ ಎಚ್ಚರಕ್ಕೂ ಕರೆಂಟು ಬೇಕು, ಅದನ್ನು ಬ್ಯಾಟರಿಯೇ ಕೊಡಬೇಕು. ಬ್ಯಾಟರಿ ಬರಿದಾಗದಂತೆ ಎಚ್ಚರವಿರುವುದು ಹೇಗೆ? ಇದಕ್ಕೆ ಉತ್ತರ ಹುಡುಕಿದ ಕಥೆ ಇದು.

ಮಾತು ಮೊದಲು ಬಂತು

ಹಿಂದೆ ಗಾಡಿಯಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ತಂತಿ ಇತ್ತು. ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಹೆಚ್ಚಿದಂತೆ ತಂತಿಯ ಹೊರೆಯೂ ಹೆಚ್ಚಿತು. 1983ರಲ್ಲಿ ಜರ್ಮನಿಯ ಬಾಷ್ ಕಂಪನಿ ಇದಕ್ಕೆ ದಾರಿ ಹುಡುಕಲು ಕೂತಿತು. ಡೀಸೆಲ್ ಪಂಪಿನ ಮೇಲೆ ನಮ್ಮ ಹಿರಿಯರು ನೋಡುತ್ತಿದ್ದ ‘ಮೈಕೋ’ ಹೆಸರು ಇದೇ ಬಾಷ್‌ನ ಭಾರತದ ಕಂಪನಿಯದು. 1986ರ ಫೆಬ್ರವರಿಯಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಬಾಷ್ ತನ್ನ ಹೊಸ ಏರ್ಪಾಡನ್ನು ಎಲ್ಲರ ಮುಂದಿಟ್ಟಿತು. ಅದೇ ‘ಕ್ಯಾನ್ ಬಸ್’.

ಇಲ್ಲಿ ಬಸ್ ಎಂದರೆ ನಮ್ಮೂರಿಗೆ ಬರುವ ಕೆಂಪು ಬಸ್ಸಲ್ಲ. ಬತ್ತಿಯಂತೆ ಹೊಸೆದ ಎರಡು ತಂತಿ. ಎಂಜಿನ್, ಬ್ರೇಕ್, ಮೀಟರ್‌ಗಳ ಪೆಟ್ಟಿಗೆಗಳೆಲ್ಲ ಅದೇ ಎರಡು ತಂತಿಯ ಮೇಲೆ ಮಾತಾಡುತ್ತವೆ. ಪ್ರತಿ ಪೆಟ್ಟಿಗೆಯ ಬಾಗಿಲಲ್ಲಿ ಒಂದು ಪುಟ್ಟ ಚಿಪ್ ಇರುತ್ತದೆ. ಒಳಗಿನ ಮಾತನ್ನು ತಂತಿಗೆ ಹಾಕುವುದು, ತಂತಿಯ ಮಾತನ್ನು ಒಳಗೆ ತಲುಪಿಸುವುದು ಅದರ ಕೆಲಸ. ಅದಕ್ಕೆ ಟ್ರಾನ್ಸೀವರ್ ಎನ್ನುತ್ತಾರೆ. ನಮ್ಮ ಕಥೆಯ ನಾಯಕ ಇವನೇ.

ನಿದ್ದೆಯ ಲೆಕ್ಕ

ಮೊದಮೊದಲು ಕ್ಯಾನ್ ಹೆಚ್ಚಾಗಿ ಎಂಜಿನ್ ಕಡೆಯ ಕೆಲಸಕ್ಕೆ ಬಳಕೆಯಾಯಿತು. ಕೀಲಿ ತೆಗೆದರೆ ಅವಕ್ಕೆ ಕರೆಂಟೇ ಇರುತ್ತಿರಲಿಲ್ಲ. ಆದರೆ ಬಾಗಿಲು, ಬೀಗ, ಅಲಾರಂಗಳೂ ತಂತಿಗೆ ಸೇರಿದಾಗ ತೊಂದರೆ ಎದುರಾಯಿತು. ಇವು ಗಾಡಿ ನಿಂತಾಗಲೂ ಕೆಲಸ ಮಾಡಬೇಕು.

ಫಿಲಿಪ್ಸ್ ಕಂಪನಿಯ 82ಸಿ250 ಎಂಬ ಹಳೆಯ ಟ್ರಾನ್ಸೀವರ್ ಸುಮ್ಮನೆ ಎಚ್ಚರವಿದ್ದರೂ ಸುಮಾರು 14 ಮಿಲಿಆಂಪಿಯರ್ ಎಳೆಯುತ್ತಿತ್ತು. ಇಂಥ 20 ಚಿಪ್ ಇದ್ದರೆ 280 ಮಿಲಿಆಂಪಿಯರ್ ಆಗುತ್ತದೆ. 45 ಆಂಪಿಯರ್ ಅವರ್ ಬ್ಯಾಟರಿ ಒಂದೇ ವಾರದಲ್ಲಿ ಬರಿದು! ತೊಟ್ಟಿಕ್ಕುವ ನಲ್ಲಿ ತೊಟ್ಟಿ ಖಾಲಿ ಮಾಡಿದ ಹಾಗೆ. ಆ ಚಿಪ್‌ನಲ್ಲೇ ಅರೆನಿದ್ದೆಯ ವ್ಯವಸ್ಥೆಯೂ ಇತ್ತು. ಅದಕ್ಕೆ ಸ್ಟ್ಯಾಂಡ್‌ಬೈ ಎಂದು ಹೆಸರು. ಆಗ ಅದು ಎಳೆಯುವುದು 170 ಮೈಕ್ರೋಆಂಪಿಯರ್ ಮೀರುತ್ತಿರಲಿಲ್ಲ. ಮುಂದಿನ ತಲೆಮಾರಿನ ಟಿಜೆಎ1040 ಇದನ್ನು 15ಕ್ಕೆ ಇಳಿಸಿತು. ಟಿಜೆಎ1041 ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ತಾನು ಮಲಗುವಾಗ ಇಡೀ ಪೆಟ್ಟಿಗೆಯ ಕರೆಂಟನ್ನೇ ಆರಿಸಿ, ತಾನೊಬ್ಬನೇ ಬ್ಯಾಟರಿಗೆ ಅಂಟಿಕೊಂಡು ಕಾವಲು ಕೂರುತ್ತಿತ್ತು.

ಎಬ್ಬಿಸುವುದು ಹೇಗೆ?

ಮಲಗಿಸುವುದು ಸುಲಭ, ಎಬ್ಬಿಸುವುದು ಕಷ್ಟ. ನಿದ್ದೆಯಲ್ಲಿರುವ ಚಿಪ್‌ಗೆ ಮಾತು ಅರ್ಥವಾಗದು, ಸದ್ದು ಮಾತ್ರ ಕೇಳುತ್ತದೆ. ತಂತಿಯಲ್ಲಿ ಗದ್ದಲವೆದ್ದಾಗಲೆಲ್ಲ ಎದ್ದು ಕೂತರೆ ಬ್ಯಾಟರಿಗೆ ಕುತ್ತು. ಅದಕ್ಕೇ ಒಂದು ಗುರುತು ಮಾಡಿಕೊಂಡರು. ಸದ್ದು, ನಡುವೆ ಮೌನ, ಮತ್ತೆ ಸದ್ದು. ಒಂದೊಂದೂ ನಿಗದಿತ ಹೊತ್ತು ನಿಲ್ಲಬೇಕು. ಒಂದೇ ಸಲ ಬಡಿದರೆ ಗಾಳಿಯಿರಬಹುದು, ಬಿಟ್ಟು ಬಿಟ್ಟು ಎರಡು ಸಲ ಬಡಿದರೆ ಬಂದವರು ಮನುಷ್ಯರೇ!

ಮಾತಿನ ನಿಯಮಗಳಿಗೆ ಐಎಸ್‌ಒ ಮುದ್ರೆ ಬಿದ್ದದ್ದು 1993ರಲ್ಲಿ. ವೇಗದ ಕ್ಯಾನ್ ತಂತಿಯ ನಿದ್ದೆಯ ನಿಯಮಗಳಿಗೆ 2007ರಲ್ಲಿ. ನಡುವೆ 14 ವರ್ಷ. ಬಾಗಿಲು, ಕಿಟಕಿಗಳ ನಿಧಾನದ ತಂತಿಗೆ ಮಾತ್ರ ಮಲಗುವ ಚಿಪ್‌ಗಳು 1990ರ ದಶಕದಲ್ಲೇ ಬಂದಿದ್ದವು.

ಆದರೂ ಒಂದು ಕೊರತೆ ಉಳಿದಿತ್ತು. ಒಬ್ಬನನ್ನು ಕರೆದರೆ ಆ ತಂತಿಯ ಮೇಲಿದ್ದವರೆಲ್ಲ ಏಳುತ್ತಿದ್ದರು. ಒಂದು ನಾಯಿ ಬೊಗಳಿದರೆ ಇಡೀ ಊರು ಎದ್ದ ಹಾಗೆ. ಗಾಡಿ ಓಡುವಾಗ ಸೀಟು ಹೊಂದಿಸುವ ಪೆಟ್ಟಿಗೆ ಎಚ್ಚರವಿದ್ದು ಏನು ಮಾಡಬೇಕು? ಅದು ತಿನ್ನುವ ಕರೆಂಟೂ ಕೊನೆಗೆ ಡೀಸೆಲ್ಲೇ. ಜರ್ಮನಿಯ ಕಾರು ಕಂಪನಿಗಳು ಒಟ್ಟಾಗಿ ಒತ್ತಾಯಿಸಿದ ಮೇಲೆ, ಹೆಸರು ಹಿಡಿದು ಕರೆದರೆ ಮಾತ್ರ ಏಳುವ ಟ್ರಾನ್ಸೀವರ್ ಬಂತು. ಅದರ ನಿಯಮ 2013ರಲ್ಲಿ ಪ್ರಕಟವಾಯಿತು. 2016ರಲ್ಲಿ ವೇಗದ ಕ್ಯಾನ್ ತಂತಿಯ ನಿದ್ದೆ-ಎಚ್ಚರದ ನಿಯಮಗಳು ಒಂದೇ ಪುಸ್ತಕಕ್ಕೆ ಸೇರಿದವು.

ನಿಮಗೆ ಇದರಿಂದೇನು?

ಹೊಸ ಬ್ಯಾಟರಿ ಹಾಕಿಸಿದರೂ ನಾಲ್ಕು ದಿನ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗುತ್ತಿಲ್ಲವೇ? ಇನ್ನೊಂದು ಬ್ಯಾಟರಿಗೆ ದುಡ್ಡು ಸುರಿಯುವ ಮುಂಚೆ, ಯಾವುದೋ ಪೆಟ್ಟಿಗೆ ಮಲಗುತ್ತಿಲ್ಲವೇ ಎಂದು ಮೆಕ್ಯಾನಿಕ್ ಹತ್ತಿರ ನೋಡಿಸಿ. ಹೊರಗಿನಿಂದ ಜೋಡಿಸಿದ ಜಿಪಿಎಸ್, ಅಲಾರಂಗಳ ಮೇಲೆ ಮೊದಲು ಕಣ್ಣಿಡಿ. ಬೀಗ ಹಾಕಿದ ಕೂಡಲೇ ಮೀಟರ್ ಓದಬೇಡಿ, ಪೆಟ್ಟಿಗೆಗಳು ಮಲಗಲು ಸ್ವಲ್ಪ ಹೊತ್ತು ಬೇಕು. ನಡುವೆ ಬಾಗಿಲು ತೆಗೆದರೆ ಮತ್ತೆ ಎದ್ದುಬಿಡುತ್ತವೆ. ಎಲ್ಲ ಮಲಗಿದ ಮೇಲೆ ಮೀಟರ್ 50 ಮಿಲಿಆಂಪಿಯರ್ ಒಳಗೆ ತೋರಿಸಿದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಅದಕ್ಕಿಂತ ತುಂಬಾ ಹೆಚ್ಚು ತೋರಿಸಿದರೆ ತಪ್ಪು ಬ್ಯಾಟರಿಯದಲ್ಲ, ಮಲಗದೆ ಕೂತವನದು.