ಚಳಿಗಾಲದ ಶಿಕಾಗೊ: ನೆಲ ನೋಡಿ ನಡೆಯಿರಿ

ಊರಿನಿಂದ ನೆಂಟರು ಬರುತ್ತೇವೆಂದರೆ ನಾವೆಲ್ಲ ಬೇಸಿಗೆಯಲ್ಲೇ ಬನ್ನಿ ಎನ್ನುತ್ತೇವೆ. ಹೋದ ಚಳಿಗಾಲ ಮೈಸೂರಿನಿಂದ ಅಕ್ಕ-ಭಾವ ಬಂದು ಹೋದ ಮೇಲೆ ನಾನು ಆ ಮಾತು ಬಿಟ್ಟಿದ್ದೇನೆ. ಶಿಕಾಗೊದ ಹಳೆಯ ಕತೆ ತಿಳಿಯಬೇಕೆನ್ನುವವರಿಗೆ ಚಳಿಗಾಲವೇ ಸರಿಯಾದ ಕಾಲ. ದೋಣಿ ವಿಹಾರ ಬಹುಮಟ್ಟಿಗೆ ನಿಂತಿರುತ್ತದೆ, ಜನಜಂಗುಳಿ ಇರುವುದಿಲ್ಲ, ಎಲ್ಲಿ ಜಾರಿಬಿಡುತ್ತೇವೋ ಎಂದು ತಲೆ ತಗ್ಗಿಸಿ ನಡೆಯುತ್ತೇವೆ. ಈ ಊರಿನ ಅಸಲು ಸಾಹಸವೆಲ್ಲ ಇರುವುದು ಕಾಲ ಕೆಳಗೇ. ಬಂದವರೆಲ್ಲ ಕತ್ತೆತ್ತಿ 110 ಅಂತಸ್ತಿನ ಗೋಪುರ ನೋಡಿ ಹೋಗುತ್ತಾರೆ, ನೆಲ ನೋಡುವವರು ಕಡಿಮೆ.

ಮಿಶಿಗನ್ ಅವೆನ್ಯೂ ಸೇತುವೆಯ ದಕ್ಷಿಣ ತುದಿಯಲ್ಲಿ, ಹಿಮ ಕರಗಲೆಂದು ಚೆಲ್ಲಿದ ಉಪ್ಪಿನ ನಡುವೆ, ಫುಟ್‌ಪಾತಿನಲ್ಲಿ ಹಿತ್ತಾಳೆಯ ಗುರುತುಗಳು ಕಾಣುತ್ತವೆ. 1803ರಲ್ಲಿ ಕಟ್ಟಿದ ಡಿಯರ್‌ಬಾರ್ನ್ ಕೋಟೆ ಎಲ್ಲಿತ್ತೆಂದು ತೋರಿಸುವ ಗೆರೆಗಳವು. ಕೋಟೆಗೂ ಮೊದಲೇ ಶಿಕಾಗೊ ಹೊಳೆಯ ಆಚೆ ದಡದಲ್ಲಿ ಮನೆ ಕಟ್ಟಿಕೊಂಡು ವ್ಯಾಪಾರ ಮಾಡಿದವನು ಜಾನ್ ಬಪ್ಟಿಸ್ಟ್ ಪಾಯಿಂಟ್ ಡು ಸಾಬ್ಲ್ ಎಂಬ ಕಪ್ಪು ವರ್ತಕ. ಸೇತುವೆಗೆ ಈಗ ಅವನದೇ ಹೆಸರು. ಇದೆಲ್ಲ ಪೊಟವಾಟಮಿ ಜನರ ನೆಲ. 1833ರ ಒಪ್ಪಂದದಲ್ಲಿ ಅವರನ್ನು ಪಶ್ಚಿಮಕ್ಕೆ ಅಟ್ಟಲಾಯಿತು. ಶಿಕಾಗೊ ಪಟ್ಟಣವಾದದ್ದೂ ಅದೇ ವರ್ಷ. ಈ ಎರಡನ್ನೂ ನಮ್ಮ ಮಕ್ಕಳಿಗೆ ಜೊತೆಗೇ ಹೇಳಬೇಕು.

ಕೋಟೆಯ ಸುತ್ತಲಿದ್ದದ್ದು ಬರೀ ಜವುಗು. ನೆಲ ಮಿಶಿಗನ್ ಸರೋವರದ ಮಟ್ಟಕ್ಕಿಂತ ಕೆಲವೇ ಅಡಿ ಮೇಲಿತ್ತು. ಮಳೆ ಬಂದರೆ ಬೀದಿಯೇ ಕೊಚ್ಚೆ, ಕೊಚ್ಚೆಯ ಹಿಂದೆಯೇ ರೋಗ. 1854ರ ಕಾಲರಾದಲ್ಲಿ ಬಹಳಷ್ಟು ಮಂದಿ ಸತ್ತರು. ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದ ಭಾವ ಇದನ್ನು ಕೇಳಿದವರೇ, “ಇಳಿಜಾರೇ ಇಲ್ಲದ ಮೇಲೆ ಚರಂಡಿ ಹೆಂಗಯ್ಯ ಹರಿಯುತ್ತೆ?” ಎಂದರು. ಎಲಿಸ್ ಚೆಸ್‌ಬ್ರೊ ಎಂಬ ಎಂಜಿನಿಯರಿಗೆ ಎದುರಾದದ್ದೂ ಇದೇ ಪ್ರಶ್ನೆ. ಆತ ಚರಂಡಿಯನ್ನು ನೆಲದಡಿ ತೋಡುವ ಬದಲು ಇದ್ದ ಬೀದಿಯ ಮೇಲೆಯೇ ಹಾಕಿಸಿ, ಅದರ ಮೇಲೆ ಮಣ್ಣು ತುಂಬಿಸಿ ಬೀದಿಯನ್ನೇ ಎತ್ತರಿಸಿದ. ಬೀದಿ ಮೇಲಾದರೆ ಮನೆಗಳ ಗತಿ? ಅವನ್ನೂ ಎತ್ತಿದರು! 1860ರಲ್ಲಿ ಲೇಕ್ ಸ್ಟ್ರೀಟಿನ ಒಂದು ಬದಿಯ ಕಟ್ಟಡಗಳ ಇಡೀ ಸಾಲೊಂದನ್ನು 600 ಆಳುಗಳು 6000 ಸ್ಕ್ರೂ ಜಾಕ್ ಕೊಟ್ಟು, ಐದು ದಿನದಲ್ಲಿ 4 ಅಡಿ 8 ಅಂಗುಲ ಎತ್ತಿದರು. ಅಂಗಡಿಗಳಲ್ಲಿ ವ್ಯಾಪಾರ ನಡೆದೇ ಇತ್ತು. ತಲೆಯ ಮೇಲೆ ‘ಎಲ್’ ರೈಲು ಗಡಗಡ ಎನ್ನುತ್ತಿದ್ದ ಅದೇ ಬೀದಿಯಲ್ಲಿ, ಕ್ಲಾರ್ಕ್ ರಸ್ತೆಯ ಮೂಲೆಯಲ್ಲಿ ಭಾವ ನಿಂತುಬಿಟ್ಟರು. “ಆಳಿಗೆ ಹತ್ತು ಜಾಕು. ಎಲ್ಲರೂ ಒಂದೇ ಹದದಲ್ಲಿ ತಿರುಗಿಸದಿದ್ದರೆ ಗೋಡೆ ಸೀಳಿಹೋಗ್ತಿತ್ತು ಕಣಯ್ಯ.” ಆ ಚಳಿಯಲ್ಲೂ ಅವರನ್ನು ಅಲ್ಲಿಂದ ಹೊರಡಿಸುವುದು ಕಷ್ಟವಾಯಿತು.

1871ರ ಅಕ್ಟೋಬರಿನ ಬೆಂಕಿಯ ವಿಚಾರ ಎಲ್ಲರಿಗೂ ಗೊತ್ತು. ಸುಮಾರು 300 ಜನ ಸತ್ತರು, ಲಕ್ಷ ಜನ ಮನೆ ಕಳೆದುಕೊಂಡರು. ಓಲಿಯರಿ ಎಂಬ ಬಡ ಐರಿಷ್ ಹೆಂಗಸಿನ ಹಸು ದೀಪ ಒದ್ದದ್ದೇ ಕಾರಣ ಎಂಬ ಮಾತು ಆಕೆಯನ್ನು ಸಾಯುವವರೆಗೂ ಕಾಡಿತು. ನಗರಸಭೆ ಆಕೆಯನ್ನು ನಿರ್ದೋಷಿ ಎಂದದ್ದು 1997ರಲ್ಲಿ. ನನಗೆ ಈ ಹಸುವಿನ ಕತೆಗಿಂತ ಹೆಚ್ಚು ಇಷ್ಟವಾದದ್ದು ಪುಸ್ತಕಗಳದು. ಬೆಂಕಿಯ ಸುದ್ದಿ ಕೇಳಿ ಇಂಗ್ಲೆಂಡಿನವರು 8000 ಪುಸ್ತಕ ಕಳಿಸಿಕೊಟ್ಟರು, ಊರಿನ ಸಾರ್ವಜನಿಕ ಲೈಬ್ರರಿ ಸುಟ್ಟುಹೋಗಿದೆ ಎಂದುಕೊಂಡು. ಅಂಥ ಲೈಬ್ರರಿ ಇಲ್ಲಿ ಇರಲೇ ಇಲ್ಲ. ಬಂದ ಪುಸ್ತಕಗಳಿಗೆ ಜಾಗ ಬೇಕಲ್ಲ? ಬೆಂಕಿಯಲ್ಲಿ ಉಳಿದಿದ್ದ ಹಳೆಯ ಕಬ್ಬಿಣದ ನೀರಿನ ಟ್ಯಾಂಕಿನೊಳಗೆ ಸುತ್ತಲೂ ಬೀರು ಜೋಡಿಸಿ, 1873ರ ಜನವರಿ 1ರಂದು ಬಾಗಿಲು ತೆರೆದರು. ಲಸಾಲ್ ಮತ್ತು ಆಡಮ್ಸ್ ರಸ್ತೆ ಸೇರುವಲ್ಲಿ, ಈಗ ರೂಕರಿ ಕಟ್ಟಡ ನಿಂತಿರುವ ಜಾಗವದು. ಅದೇ ಲೈಬ್ರರಿಗೆ 1897ರಲ್ಲಿ ಕಟ್ಟಿದ ಭವನವೇ ಇಂದಿನ ಕಲ್ಚರಲ್ ಸೆಂಟರ್. ಟಿಫನಿ ಗಾಜಿನ ಗುಮ್ಮಟದ ಕೆಳಗೆ ಬೆಚ್ಚಗೆ ಕೂತು ಅಕ್ಕ ಮಫ್ಲರ್ ಬಿಚ್ಚಿದ್ದು ಅಲ್ಲೇ. ಟಿಕೆಟ್ ಇಲ್ಲ, ಎಷ್ಟು ಹೊತ್ತಾದರೂ ಕೂರಬಹುದು.

ಸುಟ್ಟ ಊರಿನ ಇಟ್ಟಿಗೆ, ಬೂದಿ, ಕಲ್ಲುಮಣ್ಣನ್ನೆಲ್ಲ ಸರೋವರಕ್ಕೆ ತುಂಬಿದರು. ಹಾಗೆ ತುಂಬಿ ಮಾಡಿಕೊಂಡ ದಂಡೆಯ ಮೇಲೆಯೇ ಆರ್ಟ್ ಇನ್‌ಸ್ಟಿಟ್ಯೂಟ್ ಎದ್ದಿತು. 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತಾಡಿದ್ದು ಅಲ್ಲೇ. ಅದಕ್ಕೆ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಚಾಮರಾಜ ಒಡೆಯರ ಅತಿಥಿಯಾಗಿದ್ದರು. ಭಾಷಣ ನಡೆದ ಸಭಾಂಗಣ ಈಗ ಇಲ್ಲ. ಅಕ್ಕ ಚಪ್ಪಲಿ ಬಿಡುವ ಹಾಗಿಲ್ಲವಲ್ಲ ಎಂದು ಪೇಚಾಡುತ್ತಲೇ ಮೆಟ್ಟಿಲಿಗೆ ಕೈಮುಟ್ಟಿಸಿ ನಮಸ್ಕರಿಸಿದರು.

ಬೀದಿ, ಕಟ್ಟಡ ಎಲ್ಲ ಎತ್ತಿದ್ದಾದರೂ ಚರಂಡಿಯ ನೀರು ಹೊಳೆಗೆ, ಹೊಳೆ ಸರೋವರಕ್ಕೆ, ಕುಡಿಯುವ ನೀರೂ ಅದೇ ಸರೋವರದಿಂದ. ಕೊನೆಗೆ ಹೊಳೆಯನ್ನೇ ತಿರುಗಿಸಲು ಹೊರಟರು. 28 ಮೈಲಿ ಕಾಲುವೆಯನ್ನು ಹೊಳೆಗಿಂತ ಆಳವಾಗಿ ತೋಡಿ, 1900ರ ಜನವರಿ 2ರಂದು, ಇಂಥದೇ ಚಳಿಯಲ್ಲಿ, ಉಳಿದಿದ್ದ ಒಡ್ಡು ಒಡೆದರು. ಸದ್ದುಗದ್ದಲವಿಲ್ಲದೆ ತರಾತುರಿಯಲ್ಲಿ ಮುಗಿಸಿದರು, ಈ ಕೊಳಕು ಹರಿದು ಬರಲಿದ್ದ ಕೆಳಗಿನ ಮಿಸೌರಿ ರಾಜ್ಯ ಕೋರ್ಟಿನಿಂದ ತಡೆ ತಂದುಬಿಟ್ಟೀತು ಎಂಬ ಆತಂಕದಿಂದ. ಮಿಸೌರಿ ದಾವೆ ಹೂಡಿಯೇ ಹೂಡಿತು, 1906ರಲ್ಲಿ ಸೋತಿತು. ಆಮೇಲೆ ಸರೋವರ ಹಂಚಿಕೊಂಡ ರಾಜ್ಯಗಳ ಸರದಿ. 1967ರ ಸುಪ್ರೀಂ ಕೋರ್ಟ್ ಆದೇಶದಂತೆ, ಕುಡಿಯುವ ನೀರೂ ಸೇರಿ, ಇಲಿನಾಯ್ ಸರೋವರದಿಂದ ಸೆಳೆಯಬಹುದಾದದ್ದು 3200 ಕ್ಯೂಸೆಕ್.

ಕ್ಯೂಸೆಕ್ ಎಂದದ್ದೇ ತಡ, ಕಾವೇರಿಯ ಲೆಕ್ಕದಲ್ಲೇ ತಲೆ ನರೆಸಿಕೊಂಡ ಭಾವನ ಕಿವಿ ನೆಟ್ಟಗಾಯಿತು. “ಅಳೆಯೋರು ಯಾರು? ರಾಜ್ಯದೋರೋ, ಕೇಂದ್ರದೋರೋ?” ಕೇಂದ್ರದ ಸೇನಾ ಎಂಜಿನಿಯರುಗಳ ದಳ ಲೆಕ್ಕ ಇಡುತ್ತದೆ ಎಂದೆ. ಹೊಳೆ ಸರೋವರ ಸೇರುವಲ್ಲಿ 1938ರಲ್ಲಿ ಕಟ್ಟಿದ ಲಾಕ್ ಗೇಟ್ ಇದೆ. ಸಾಮಾನ್ಯವಾಗಿ ಸರೋವರ ಹೊಳೆಗಿಂತ ಸುಮಾರು ಎರಡಡಿ ಮೇಲಿರುತ್ತದೆ. ಮುಂದಿನ ಸಲ ನಿಮ್ಮ ಮನೆಗೆ ಚಳಿಗಾಲದಲ್ಲಿ ಯಾರಾದರೂ ಬಂದರೆ ನೇವಿ ಪಿಯರ್‌ಗೆ ಕರೆದೊಯ್ದು, ದಕ್ಷಿಣದ ಕಡೆ ತಿರುಗಿಸಿ ಆ ಗೇಟು ತೋರಿಸಿ. ಗಾಳಿ ಜೋರಾಗಿರುತ್ತದೆ, ಕಿವಿ ಮುಚ್ಚುವ ಟೋಪಿ ಇರಲಿ.