ಟಾಕಿಗೆ ಉಸುರಿಲ್ಲ ತಮ್ಮಾ...

2020ರ ಅಕ್ಟೋಬರ್. ಕೊರೊನಾ ದೆಸೆಯಿಂದ ಬೆಂಗಳೂರು ಬಿಟ್ಟು ಸಾಲೋಟಗಿಯ ಮನೆಯಲ್ಲೇ ಲ್ಯಾಪ್‌ಟಾಪ್ ಹಿಡಿದು ಕೂತಿದ್ದೆ. ಮಹಾರಾಷ್ಟ್ರದಲ್ಲಿ ಮಳೆ ಜೋರಾಗಿ ಉಜನಿ ಡ್ಯಾಮಿನಿಂದ ನೀರು ಬಿಟ್ಟರು. ಇತ್ತ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಕಡೆಯ ಹೊಳೆದಂಡೆಯ ಊರುಗಳಿಗೆ ನುಗ್ಗಿತು. ಗೆಳೆಯರ ಜೊತೆ ರೊಟ್ಟಿ ಗಂಟು ಕಟ್ಟಿಕೊಂಡು ನಾನೂ ಹೊಳೆಯ ಕಡೆ ಹೋದೆ.

ಅಲ್ಲೊಂದು ಮೋಟಾರು ದೋಣಿ ತಂದಿದ್ದರು. ಚಾಲೂ ಆಯಿತು, ಎರಡು ನಿಮಿಷ ಓಡಿತು, ನಿಂತಿತು. ಆಮೇಲೆ ಹಗ್ಗ ಎಳೆದದ್ದೇ ಎಳೆದದ್ದು! ಆಚೆ ತೋಟದ ಮನೆಯ ಮಾಳಿಗೆ ಮೇಲೆ ಜನ ನಮ್ಮನ್ನೇ ನೋಡುತ್ತ ಕೂತಿದ್ದಾರೆ. ನಾನು ಇಂಜಿನಿಯರ್ ಅಲ್ವಾ, "ಪ್ಲಗ್ ಬಿಚ್ಚಿ ನೋಡ್ರಿ" ಅಂದೆ. ಬಿಚ್ಚಿದರು, ಒರೆಸಿದರು, ಮತ್ತೆ ಹಾಕಿದರು. ಊಹೂಂ.

ಅಷ್ಟರಲ್ಲಿ ಧೋತರ ಮೇಲೆ ಕಟ್ಟಿಕೊಂಡು ಒಬ್ಬ ಅಜ್ಜ ನೀರಿಗಿಳಿದು ಬಂದರು. ಪೆಟ್ರೋಲ್ ಪೈಪಿನ ನಡುವೆ ಕೈಯಿಂದ ಒತ್ತುವ ರಬ್ಬರ್ ಗುಂಡು ಇರುತ್ತದಲ್ಲ, ಅದನ್ನು ಮುಟ್ಟಿ ನೋಡಿದರು. ಒಳಕ್ಕೆ ಹೀರಿಕೊಂಡು ಚಪ್ಪಟೆಯಾಗಿತ್ತು.

"ಟಾಕಿಗೆ ಉಸುರಿಲ್ಲ ತಮ್ಮಾ. ಮುಚ್ಚಳದ ಸ್ಕ್ರೂ ಸಡಲ ಮಾಡು."

ಸಡಿಲ ಮಾಡಿದ ಕೂಡಲೇ ಬುಸ್ ಅಂತ ಗಾಳಿ ಒಳಗೆ ಹೋಯಿತು. ಗುಂಡು ಗಟ್ಟಿಯಾಗುವ ತನಕ ಒತ್ತಿ ಹಗ್ಗ ಎಳೆದರೆ ಮೂರನೇ ಸಲಕ್ಕೇ ಚಾಲೂ! "ಅಜ್ಜಾರ, ಮೊದಲ ದೋಣಿ ನಡಸೀರೇನು?" ಅಂತ ಕೇಳಿದೆ. "ಇಲ್ಲಪಾ. ನಮ್ಮ ಬಾವ್ಯಾಗ ಎಂಜಿನ್ ಇತ್ತು, ಅದೂ ಹಿಂಗ ಹಟಾ ಮಾಡತಿತ್ತು" ಅಂದು ನಕ್ಕರು.

ಬಾವಿಯ ಎಂಜಿನ್ನಿಗೂ ದೋಣಿಯ ಎಂಜಿನ್ನಿಗೂ ಏನು ನಂಟು? ಈ ಪ್ರಶ್ನೆ ಹಿಡಿದು ಓದಿದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

1890ರಲ್ಲಿ ಇಂಗ್ಲೆಂಡಿನ ಹರ್ಬರ್ಟ್ ಅಕ್ರಾಯ್ಡ್ ಸ್ಟುವರ್ಟ್ ಒಂದು ಎಣ್ಣೆ ಎಂಜಿನ್‌ಗೆ ಪೇಟೆಂಟ್ ಪಡೆದ. ಅದನ್ನು ಚಾಲೂ ಮಾಡಬೇಕಾದರೆ ಅದರ ತಲೆಯನ್ನು ಬ್ಲೋಲ್ಯಾಂಪ್ ಉರಿಯಲ್ಲಿ ಹಲವು ನಿಮಿಷ ಕಾಯಿಸಬೇಕು. ಈ ಜಾತಿಯ ಎಂಜಿನ್‌ಗಳೇ ಉತ್ತರ ಯುರೋಪಿನ ಮೀನುಗಾರರ ದೋಣಿ ಸೇರಿದವು. 1897ರಲ್ಲಿ ರುಡಾಲ್ಫ್ ಡೀಸೆಲ್ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಹೊರಗಿನ ಉರಿಯೇ ಬೇಡ ಎಂದು ತೋರಿಸಿಕೊಟ್ಟ. ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದೇ ಕಾಯುತ್ತದೆ, ಆ ಬಿಸಿಗೆ ಎಣ್ಣೆ ತಾನೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಡೀಸೆಲ್ ಎಂಜಿನ್ ಮುಷ್ಕರ ಹೂಡಿದರೆ ಮುಖ್ಯವಾಗಿ ಎರಡೇ ಪ್ರಶ್ನೆ: ಗಾಳಿ ಒತ್ತುತ್ತಿದೆಯೇ? ಎಣ್ಣೆ ಬರುತ್ತಿದೆಯೇ? 1909ರಲ್ಲಿ ಅಮೆರಿಕದ ಓಲೆ ಎವಿನ್‌ರೂಡ್ ದೋಣಿಯ ಹಿಂದೆ ಸಿಕ್ಕಿಸುವ ಪೆಟ್ರೋಲ್ ಮೋಟಾರು ಮಾರಲು ಶುರು ಮಾಡಿದ. ಅಲ್ಲಿ ಇನ್ನೊಂದು ಪ್ರಶ್ನೆ ಸೇರಿತು: ಕಿಡಿ ಹಾರುತ್ತಿದೆಯೇ? ಇವತ್ತಿಗೂ ಪ್ರಶ್ನೆಗಳು ಇವೇ.

ನಮ್ಮಲ್ಲಿಗೆ ಎಂಜಿನ್ ಬಂದದ್ದು ಹೊಳೆಗಲ್ಲ, ಬಾವಿಗೆ. ಇಂಗ್ಲೆಂಡಿನ ಲಿಸ್ಟರ್ ಎಂಜಿನ್ ಬಂತು, ಅದರ ನಕಲುಗಳು ಗುಜರಾತಿನ ರಾಜಕೋಟೆಯಲ್ಲಿ ತಯಾರಾದವು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಮೊದಲು ಕಬ್ಬಿಣದ ನೇಗಿಲು ಮಾಡಿದರು. ಅವರ ಮನೆತನದ ಆಯಿಲ್ ಎಂಜಿನ್ ಕಂಪನಿ 1946ರಲ್ಲಿ ಪುಣೆಯಲ್ಲಿ ಶುರುವಾಯಿತು. ಎತ್ತು ಎಳೆಯುವ ಕಪಿಲೆಯ ಜಾಗಕ್ಕೆ ಎಂಜಿನ್ ಬಂತು.

ಮೇಲಿನಿಂದ ಎಳೆಯುವ ಪಂಪು ಆರೇಳು ಮೀಟರ್‌ಗಿಂತ ಆಳದ ನೀರನ್ನು ಸರಿಯಾಗಿ ಎತ್ತಲಾರದು. ಅದಕ್ಕೇ ಎಂಜಿನ್ನನ್ನು ಬಾವಿಯೊಳಗಿನ ಕಟ್ಟೆಗೇ ಇಳಿಸುತ್ತಿದ್ದರು. ಆ ಹೊಗೆಯೊಳಗೆ ನಿಂತು ಚಾಲೂ ಮಾಡಬೇಕು. ಮೊದಲು ಒತ್ತಡ ಬಿಡುವ ಕೀಲಿ ಎತ್ತು, ಹ್ಯಾಂಡಲ್ ಜೋರಾಗಿ ತಿರುವು, ವೇಗ ಬಂದಾಗ ಕೀಲಿ ಬಿಡು. ಆಗಲೂ ಹತ್ತಲಿಲ್ಲವೇ? ಪೈಪಿನ ನಟ್ಟು ಸಡಿಲ ಮಾಡು. ಗುಳ್ಳೆ ಬಂದರೆ "ಗಾಳಿ ಹಿಡದೈತಿ", ಗುಳ್ಳೆ ನಿಲ್ಲುವ ತನಕ ಎಣ್ಣೆ ಹರಿಯಲು ಬಿಡು. ಏನೂ ಬರದಿದ್ದರೆ ಟಾಕಿ ಮುಚ್ಚಳದ ಸಣ್ಣ ತೂತಿಗೆ ಧೂಳು ಕಟ್ಟಿರಬಹುದು, ನೋಡು. ಅಜ್ಜನ 'ಉಸುರು' ಇದೇ!

ಕರಾವಳಿಯ ಕಥೆ ಬೇರೆ. 1952ರ ಒಪ್ಪಂದದಂತೆ ಕೇರಳದ ನೀಂಡಕರದಲ್ಲಿ ಶುರುವಾದ ನಾರ್ವೆ ಯೋಜನೆಯಲ್ಲಿ ಮೋಟಾರು ದೋಣಿಗಳ ಜೊತೆಗೇ ವರ್ಕ್‌ಶಾಪೂ ಬಂತು. ನಮ್ಮ ರೈತರಿಗೆ ಬಾವಿಯೇ ವರ್ಕ್‌ಶಾಪು. ಆಮೇಲೆ ಕರೆಂಟ್ ಮೋಟಾರು ಬಂತು, ಬೋರ್‌ವೆಲ್ ಬಂತು. ಎಂಜಿನ್‌ಗಳು ಗುಜರಿಗೆ ಹೋದವು, ಜೊತೆಗೆ ಆ ಕೈಗಳ ವಿದ್ಯೆಯೂ ಹೊರಟಿತು.

ನಮ್ಮ ಊರಿಗೆ ಇನ್ನೊಂದು ಕಥೆಯಿದೆ. ಇಲ್ಲಿನ ಕಂಬದ ಶಾಸನದ ಕಾಲ ಕ್ರಿ.ಶ. 945, ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲ. ಆತನ ಮಂತ್ರಿ ನಾರಾಯಣ ಇಲ್ಲಿ ಶಾಲೆ ಕಟ್ಟಿಸಿದ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆ, ಗುರುವಿಗೆ 50 ನಿವರ್ತನ ಭೂಮಿ, ದೀಪಕ್ಕೆಂದೇ 12 ನಿವರ್ತನ! ದೀಪದ ಎಣ್ಣೆಗೂ ಕಲ್ಲಿನಲ್ಲಿ ಲೆಕ್ಕ ಬರೆಸಿದ ಊರು ನಮ್ಮದು. ಎಂಜಿನ್ ಎಣ್ಣೆಯ ವಿದ್ಯೆಯನ್ನು ಮಾತ್ರ ಯಾರೂ ಬರೆಸಲಿಲ್ಲ.

ಆ ದಿನ ಅಜ್ಜ ಬರದಿದ್ದರೆ ಮಾಳಿಗೆ ಮೇಲಿನವರ ಗತಿ? ನೆನೆದರೆ ಈಗಲೂ ಮೈ ಜುಂ ಅನ್ನುತ್ತದೆ. ಪ್ರವಾಹದ ದೋಣಿಗಳಿಗೆ ಕೆಲಸ ಬರುವುದೇ ಯಾವಾಗಲೋ ಒಮ್ಮೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಟಾಕಿಯಲ್ಲೇ ಬಿಟ್ಟರೆ ನೀರು ತಳಕ್ಕಿಳಿದು ಕಾರ್ಬೊರೇಟರ್ ಕೆಡುತ್ತದೆ. ಮಳೆಗಾಲಕ್ಕೆ ಮುಂಚೆ ಹಳೆಯದನ್ನು ಚೆಲ್ಲಿ, ಹೊಸ ಪೆಟ್ರೋಲ್ ಹಾಕಿ ಒಮ್ಮೆ ಓಡಿಸಿ ನೋಡಬೇಕು.

ಹಾಗಾಗಿ ನನ್ನ ಪುಟ್ಟ ಶಾಸನ ಇಷ್ಟೇ: ಗೇರು ನ್ಯೂಟ್ರಲ್ಲಿನಲ್ಲಿದೆಯೇ? ಕೈಗೆ ಕಟ್ಟುವ ದಾರದ ಕ್ಲಿಪ್ ಸ್ವಿಚ್ಚಿನಲ್ಲಿದೆಯೇ? ಟಾಕಿಗೆ ಉಸುರಿದೆಯೇ? ಗುಂಡು ಗಟ್ಟಿಯಾಯಿತೇ? ಚೋಕ್ ಎಳೆದಾಯಿತೇ? ಪ್ಲಗ್ ಬಿಚ್ಚುವುದು ಕಟ್ಟಕಡೆಗೆ, ನನ್ನ ಹಾಗೆ ಮೊದಲಿಗಲ್ಲ :)

ನಿಮ್ಮ ಮನೆಯಲ್ಲೂ ಬಾವಿ ಎಂಜಿನ್ ತಿರುವಿದ ಅಜ್ಜ ಇದ್ದರೆ, ಈ ಸಲ ಊರಿಗೆ ಹೋದಾಗ ಪಕ್ಕದಲ್ಲಿ ಕೂತು ಕೇಳಿ. ಬರೆದಿಡಿ.