ಹರಾಜಿನ ಮೋಸ ಮತ್ತು ಸಕಾಲದ ದೂರು

ಅಚೌರ್ಯಾಣುವ್ರತಕ್ಕೆ ಶಾಸ್ತ್ರಕಾರರು ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಇಂದಿನ ವ್ಯಾಪಾರಕ್ಕೆ ನೇರವಾಗಿ ಅನ್ವಯಿಸುತ್ತವೆ. ಒಂದು ತದಾಹೃತಾದಾನ, ಅಂದರೆ ಕಳವಿನ ಮಾಲನ್ನು ಕೊಳ್ಳುವುದು. ಇನ್ನೊಂದು ಪ್ರತಿರೂಪಕ ವ್ಯವಹಾರ, ಅಂದರೆ ನಕಲಿಯನ್ನು ಅಸಲಿಯೆಂದು ಮಾರುವುದು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಬರುವ ಈ ಹೆಸರುಗಳು ಶ್ರಾವಕರಿಗೆ ಹೊಸವಲ್ಲ. ಹಿಂದೆ ಕೊಳ್ಳುವವನು ಮಾಲನ್ನು ಕೈಯಲ್ಲಿ ಹಿಡಿದು, ಒರೆಗೆ ಹಚ್ಚಿ, ಮಾರುವವನ ಮುಖ ನೋಡಿ ಬೆಲೆ ಕಟ್ಟುತ್ತಿದ್ದನು. ಅಂತರ್ಜಾಲದ ಹರಾಜಿನಲ್ಲಿ ಕಾಣುವುದು ಚಿತ್ರ ಮತ್ತು ನಾಲ್ಕು ಸಾಲಿನ ವಿವರಣೆ ಮಾತ್ರ. ಇಂತಹ ಪೇಟೆಯಲ್ಲಿ ಮೋಸಕ್ಕೆ ಮೊದಲ ತಡೆ ಯಾವುದು? ಕಳೆದ ಮೂರು ದಶಕಗಳ ಇತಿಹಾಸವನ್ನು ನೋಡಿದರೆ, ಸಂದೇಹ ಬಂದವರು ತಡಮಾಡದೆ ಕೊಟ್ಟ ದೂರೇ ಆ ತಡೆ ಎಂಬುದು ಸ್ಪಷ್ಟವಾಗುತ್ತದೆ.

1995ರ ಸೆಪ್ಟೆಂಬರಿನಲ್ಲಿ ಪಿಯರ್ ಒಮಿದ್ಯಾರ್ ಎಂಬವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಹರಾಜು ತಾಣವನ್ನು ಆರಂಭಿಸಿದರು. ಅದೇ 1997ರಲ್ಲಿ ಈಬೇ ಎಂಬ ಹೆಸರನ್ನು ಪಡೆಯಿತು. ಮಾರುವವರ ಮತ್ತು ಕೊಳ್ಳುವವರ ಜಗಳಗಳನ್ನು ಒಬ್ಬರೇ ತೀರಿಸುವುದು ಅವರಿಗೆ ಸಾಧ್ಯವಿರಲಿಲ್ಲ. ಆದುದರಿಂದ 1996ರ ಫೆಬ್ರವರಿಯಲ್ಲಿ ಅವರು ಒಂದು ಬಹಿರಂಗ ವೇದಿಕೆಯನ್ನು ತೆರೆದು, ಒಳ್ಳೆಯ ವ್ಯವಹಾರವನ್ನು ಹೊಗಳಿರಿ, ಕೆಟ್ಟದ್ದನ್ನು ಎಲ್ಲರೆದುರು ತಿಳಿಸಿರಿ ಎಂದು ಸದಸ್ಯರನ್ನು ಕೇಳಿಕೊಂಡರು. ಅಪರಿಚಿತರ ನಡುವಿನ ಆ ಪೇಟೆ ಬೆಳೆದದ್ದು ಗಿರಾಕಿಗಳ ಈ ಸಾಕ್ಷ್ಯದ ಬಲದಿಂದ.

ಆದರೆ ಮೋಸವೂ ಜೊತೆಯಲ್ಲೇ ಬೆಳೆಯಿತು. 2000ದ ಮೇ ತಿಂಗಳಲ್ಲಿ ಅದೇ ತಾಣದಲ್ಲಿ, ಪ್ರಸಿದ್ಧ ಚಿತ್ರಕಾರರೊಬ್ಬರ ಕೃತಿಯೆಂದು ತೋರುವಂತೆ ಇಟ್ಟಿದ್ದ ಚಿತ್ರಕ್ಕೆ 1,35,805 ಡಾಲರಿನವರೆಗೆ ಸವಾಲು ಏರಿತು. ಮಾರುವವನು ಬೇರೆ ಹೆಸರಿನಲ್ಲಿ ತನ್ನ ಮಾಲಿಗೆ ತಾನೇ ಸವಾಲು ಕೂಗಿದ್ದನೆಂದು ತಿಳಿದಾಗ ತಾಣವು ಆ ಮಾರಾಟವನ್ನು ರದ್ದುಗೊಳಿಸಿತು. 2001ರಲ್ಲಿ ಮೂವರ ಮೇಲೆ ಆರೋಪಪಟ್ಟಿ ಸಲ್ಲಿಕೆಯಾಯಿತು. ಅದೇ 2000ದಲ್ಲಿ ಅಮೆರಿಕ ಸರಕಾರ ಅಂತರ್ಜಾಲ ವಂಚನೆಗಳಿಗಾಗಿ ದೂರು ಕೇಂದ್ರವನ್ನು ತೆರೆದಾಗ, ಮೊದಲ ವರ್ಷಗಳಲ್ಲಿ ಅತ್ಯಧಿಕವಾಗಿ ಬಂದ ದೂರುಗಳು ಹರಾಜಿನ ಮೋಸದವೇ ಆಗಿದ್ದವು.

ಭಾರತದಲ್ಲಿ ಈ ಬಗೆಯ ಮೊದಲ ದೊಡ್ಡ ತಾಣ ಬಾಜೀ. 2004ರಲ್ಲಿ ಈಬೇ ಸಂಸ್ಥೆ ಅದನ್ನು ಕೊಂಡುಕೊಂಡಿತು. ಆ ವರ್ಷದ ನವೆಂಬರ್ 27ರ ಶನಿವಾರ ಸಂಜೆ, ಕಾನೂನುಬಾಹಿರವಾದ ಅಶ್ಲೀಲ ದೃಶ್ಯವೊಂದು ಅಲ್ಲಿ ಮಾರಾಟಕ್ಕೆ ಬಂದಿದೆಯೆಂದು ಬಳಕೆದಾರರೊಬ್ಬರು ದೂರಿತ್ತರು. ಪಟ್ಟಿಯನ್ನು ತೆಗೆದದ್ದು ಸೋಮವಾರ ಬೆಳಿಗ್ಗೆ. ದೂರಿತ್ತವರು ತಮ್ಮ ಕರ್ತವ್ಯವನ್ನು ಮಾಡಿದ್ದರು. ದೂರು ಮಾತ್ರ ಎರಡು ರಾತ್ರಿ ಕಾದು ಕುಳಿತಿತು. ಡಿಸೆಂಬರಿನಲ್ಲಿ ತಾಣದ ಮುಖ್ಯಾಧಿಕಾರಿಯ ಬಂಧನವಾಯಿತು. ಅವರ ಮೇಲಿನ ಮೊಕದ್ದಮೆಯನ್ನು ಸರ್ವೋಚ್ಚ ನ್ಯಾಯಾಲಯ 2012ರಲ್ಲಿ ರದ್ದುಪಡಿಸಿತು. ಪ್ರಕರಣವು ಮೋಸದ ಮಾಲಿಗೆ ಸಂಬಂಧಿಸಿದ್ದಲ್ಲವಾದರೂ, ದೂರು ತಲುಪಿದ ಮೇಲೆ ತಾಣದವರ ಹೊಣೆ ಏನು ಎಂಬ ಪ್ರಶ್ನೆಯನ್ನು ದೇಶದ ಮುಂದಿಟ್ಟಿತು.

ಉತ್ತರ ಹಂತಹಂತವಾಗಿ ರೂಪುಗೊಂಡಿತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಆದ ತಿದ್ದುಪಡಿ 2009ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಅದರ 66ಡಿ ಕಲಮು ಗಣಕಯಂತ್ರದ ಮೂಲಕ ಬೇರೆಯವರ ವೇಷದಲ್ಲಿ ವಂಚಿಸುವವರಿಗೆ 3 ವರ್ಷಗಳವರೆಗೆ ಸೆರೆವಾಸವನ್ನು ವಿಧಿಸುತ್ತದೆ. 2020ರ ಗ್ರಾಹಕ ರಕ್ಷಣಾ ಇ-ವಾಣಿಜ್ಯ ನಿಯಮಗಳ ಪ್ರಕಾರ, ಇಂತಹ ತಾಣವು ದೂರು ಪರಿಹಾರದ ಅಧಿಕಾರಿಯನ್ನು ನೇಮಿಸಬೇಕು. ದೂರು ಬಂದಿತೆಂದು 48 ಗಂಟೆಗಳೊಳಗೆ ಒಪ್ಪಿಕೊಳ್ಳಬೇಕು. ಒಂದು ತಿಂಗಳೊಳಗೆ ಪರಿಹರಿಸಬೇಕು.

ಈ ಇತಿಹಾಸದಲ್ಲಿ ಬೆಂಗಳೂರಿಗೂ ಪಾಲಿದೆ. ಭಾರತದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪಿತವಾದದ್ದು ಇಲ್ಲಿಯೇ, 2001ರಲ್ಲಿ. ಇಡೀ ರಾಜ್ಯವೇ ಅದರ ವ್ಯಾಪ್ತಿಯಾಗಿತ್ತು. ಕೆಂಗೇರಿಯವರ ದೂರೂ ಬೀದರಿನವರ ದೂರೂ ಅದಕ್ಕೇ ಸೇರುತ್ತಿತ್ತು. ಇಂದು ನಗರದ ವಿಭಾಗಗಳಲ್ಲಿ ಸಿಇಎನ್ ಠಾಣೆಗಳಿವೆ. ಈಬೇಯ ಭಾರತ ಶಾಖೆಯನ್ನು 2017ರಲ್ಲಿ ಬೆಂಗಳೂರಿನ ಫ್ಲಿಪ್‌ಕಾರ್ಟ್ ವಹಿಸಿಕೊಂಡಿತು. 2018ರ ಆಗಸ್ಟಿನಲ್ಲಿ ಆ ತಾಣ ಮುಚ್ಚಿತು. ಆದರೆ ಹಳೆಯ ವಸ್ತುಗಳ ಮಾರಾಟ ನಿಲ್ಲಲಿಲ್ಲ, ಬೇರೆ ತಾಣಗಳಿಗೆ ಹೋಯಿತು. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳಲ್ಲಿ ಮಂಚ, ಬೀರು, ಸ್ಕೂಟರುಗಳನ್ನು ಮೊಬೈಲಿನಲ್ಲೇ ಮಾರುವುದು ಇಂದು ಸಾಮಾನ್ಯ. ಸೈನಿಕನೆಂದು ಹೇಳಿಕೊಂಡು, ವರ್ಗವಾಗಿದೆಯೆಂದು ಅಗ್ಗದ ಬೆಲೆಗೆ ವಾಹನ ತೋರಿಸಿ ಮುಂಗಡ ಕೀಳುವುದು ಒಂದು ಬಗೆ. ಕೊಳ್ಳುವವನಂತೆ ನಟಿಸಿ, ಹಣ ಪಡೆಯಲು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರೆಂದು ಹೇಳುವುದು ಇನ್ನೊಂದು ಬಗೆ. ಹಣ ಪಡೆಯುವವರು ಪಿನ್ ಒತ್ತಬೇಕಾದ ಪ್ರಮೇಯವೇ ಇಲ್ಲ ಎಂಬುದನ್ನು ಮನೆಯ ಹಿರಿಯರಿಗೆ ತಿಳಿಸಿಕೊಡಬೇಕು.

ಬಸದಿಗಳ ಆಡಳಿತ ಮಂಡಳಿಗಳಿಗೆ ಈ ವಿಷಯ ಇನ್ನೂ ಹತ್ತಿರದ್ದು. 2016ರ ಮಾರ್ಚಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ, ಮಾರಾಟಕ್ಕೆ ಕೆಲವೇ ದಿನಗಳ ಮುಂಚೆ, ಅಮೆರಿಕದ ಅಧಿಕಾರಿಗಳು ಎರಡು ಶಿಲ್ಪಗಳನ್ನು ವಶಪಡಿಸಿಕೊಂಡರು. ಅವುಗಳಲ್ಲಿ ಒಂದು ರಾಜಸ್ಥಾನ ಇಲ್ಲವೆ ಮಧ್ಯಪ್ರದೇಶದ, 10ನೆಯ ಶತಮಾನದ, ಪ್ರಥಮ ತೀರ್ಥಂಕರ ಋಷಭನಾಥರ ಬಿಂಬ. ಎರಡರ ಒಟ್ಟು ಬೆಲೆ ಸುಮಾರು 4,50,000 ಡಾಲರ್ ಎಂದು ಅಂದಾಜಾಗಿತ್ತು. ಪೂಜೆಗೊಂಡ ಬಿಂಬವು ಹರಾಜಿನ ಪಟ್ಟಿಯಲ್ಲಿ ಒಂದು ಸಂಖ್ಯೆಯಾಗಿ ನಿಂತಿತ್ತು. 2013ರ ಜುಲೈನಲ್ಲಿ ಮೂಡುಬಿದಿರೆಯ ಗುರುಬಸದಿಯಿಂದ ಅಮೂಲ್ಯ ಬಿಂಬಗಳು ಕಳವಾದ ನೋವು ಕರ್ನಾಟಕದ ಜೈನರಿಗೆ ಮರೆತಿಲ್ಲ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ಮೀರಿದ ವಿಗ್ರಹಗಳನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತಿಲ್ಲ. ಹೀಗಿದ್ದರೂ, ಪಟ್ಟಿಯಲ್ಲಿ ಕಂಡ ಬಿಂಬ ತಮ್ಮದೇ ಎಂದು ತೋರಿಸಲು ಬಸದಿಯ ಬಳಿ ಒಂದು ಛಾಯಾಚಿತ್ರವೂ ಇಲ್ಲದಿದ್ದರೆ ಕಾಯ್ದೆ ಏನು ಮಾಡೀತು? ಪ್ರತಿ ಬಿಂಬದ ನಾಲ್ಕು ಕಡೆಯ ಚಿತ್ರ, ಎತ್ತರ, ತೂಕ, ಪೀಠದ ಬರಹ, ಮುಕ್ಕಾದ ಗುರುತುಗಳನ್ನು ದಾಖಲಿಸಿಡುವುದು ಮಂಡಳಿಯ ಧರ್ಮ. ಕಳವಾದ ಮೇಲೆ ದಾಖಲೆ ಹುಡುಕುವುದು ಕೋಟೆ ಕೊಳ್ಳೆ ಹೋದ ಮೇಲೆ ಊರ ಬಾಗಿಲು ಹಾಕಿದಂತೆ.

ದೂರು ಕೊಡುವುದಕ್ಕೂ ಒಂದು ಕ್ರಮವಿದೆ. ಸಂದೇಹದ ಪಟ್ಟಿ ಕಂಡೊಡನೆ ಅದರ ವಿಳಾಸ, ಮಾರುವವನ ಹೆಸರು, ದಿನ, ಸಮಯ, ಬೆಲೆಗಳು ಕಾಣುವಂತೆ ಸ್ಕ್ರೀನ್‌ಷಾಟ್ ತೆಗೆದಿಡಬೇಕು. ಏಕೆಂದರೆ ಮೋಸಗಾರನು ಪಟ್ಟಿಯನ್ನು ಅಳಿಸಿಬಿಡುವುದು ಕ್ಷಣದ ಕೆಲಸ. ಅನಂತರ ತಾಣಕ್ಕೆ ದೂರಿತ್ತು ಅದರ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಹಣ ಹೋಗಿದ್ದರೆ ಮೊದಲು ಕರೆಯಬೇಕಾದದ್ದು 1930. 2021ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ, ಹಣವು ಖಾತೆಯಿಂದ ಖಾತೆಗೆ ಹರಿಯುವ ಮುನ್ನವೇ ತಡೆಹಿಡಿಯುವಂತೆ ಬ್ಯಾಂಕುಗಳಿಗೆ ಸೂಚನೆ ಹೋಗುತ್ತದೆ. ಆದುದರಿಂದ ಇಲ್ಲಿ ಒಂದು ಗಂಟೆಯ ವಿಳಂಬವೂ ದುಬಾರಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ವಿಗ್ರಹದ ವಿಷಯವಾದರೆ ಪೊಲೀಸರಿಗೂ ಪುರಾತತ್ತ್ವ ಸರ್ವೇಕ್ಷಣಾ ಇಲಾಖೆಗೂ ತಿಳಿಸಬೇಕು.

ಇಷ್ಟರಿಂದ ಸಂದೇಹವೇ ತೀರ್ಪಾಗದು. ಸತ್ಯಾಣುವ್ರತವು ಇಲ್ಲದ ದೋಷವನ್ನು ಆರೋಪಿಸುವುದನ್ನೂ ತಡೆಯುತ್ತದೆ. ಕಂಡದ್ದನ್ನು ಕಂಡಷ್ಟೇ ಬರೆದು, ತನಿಖೆಯನ್ನು ಅಧಿಕಾರವುಳ್ಳವರಿಗೆ ಬಿಡುವುದು ಯೋಗ್ಯ. ವಾಟ್ಸಾಪಿನಲ್ಲಿ ಮಾರುವವನ ಹೆಸರು ಹಬ್ಬಿಸುವುದು ದೂರಲ್ಲ, ನಿಂದೆ. ಹಾಗೆಯೇ, ತಾನು ಹಣ ಕಳೆದುಕೊಳ್ಳಲಿಲ್ಲವಲ್ಲ ಎಂದು ಪುಟ ಮುಚ್ಚಿ ಸುಮ್ಮನಾಗುವುದೂ ನಿರ್ದೋಷವಲ್ಲ. ಆ ಪುಟವನ್ನು ಮುಂದೆ ತೆರೆಯುವವರು ಪಿಂಚಣಿಯ ಹಣವನ್ನೇ ನಂಬಿದ ನೆರೆಮನೆಯ ವೃದ್ಧರಾಗಿರಬಹುದು. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರನ್ನೂ ಜೈನಶಾಸ್ತ್ರ ಒಟ್ಟಿಗೇ ಎಣಿಸುತ್ತದೆ. ಮೌನವು ಅನುಮೋದನೆಯಾಗದಂತೆ ನೋಡಿಕೊಳ್ಳಲು ಶ್ರಾವಕನಿಗೆ ಬೇಕಾದದ್ದು ಹತ್ತು ನಿಮಿಷ ಮಾತ್ರ.